ಊರಾಚೆ ಬಿಡುವ ಮುನ್ನ

ಮರಿಕಲ್ಲಿನ ಕಕ್ಷಿದಾರರೊಬ್ಬರು ಮೊನ್ನೆ ವ್ಯಾಜ್ಯದ ಮಾತು ಮುಗಿಸಿ ಮೆಲ್ಲನೆ ಕೇಳಿದರು: “ವಕೀಲ ಸಾಹೇಬರೇ, ಮನೆಯ ನಾಯಿಗೆ ಜನನಾಂಗದಲ್ಲಿ ಗಡ್ಡೆಯಾಗಿ ರಕ್ತ ಸೋರುತ್ತಿದೆ. ಪಶುವೈದ್ಯರು ಕ್ಯಾನ್ಸರ್ ಅಂದರು. ಮಕ್ಕಳಿರುವ ಮನೆ, ಊರಾಚೆ ಬಿಟ್ಟುಬಂದರೆ ತಪ್ಪೇನ್ರಿ?”

ತಪ್ಪು. ಹಸಿವು, ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನನ್ವಯ ಅಪರಾಧ. ಮಿಗಿಲಾಗಿ, ತೊರೆಯುವ ಅಗತ್ಯವೇ ಇಲ್ಲ.

ನಮ್ಮ ದೇಶದ ನಾಯಿಗಳಲ್ಲಿ ಇಂತಹ ಗಡ್ಡೆ ಸಾಮಾನ್ಯ. ಕೂಡುವಾಗ ರೋಗಗ್ರಸ್ತ ನಾಯಿಯ ಜೀವಕೋಶಗಳೇ ಮತ್ತೊಂದು ನಾಯಿಗೆ ದಾಟಿ ಬೆಳೆಯುತ್ತವೆ. ಮನುಷ್ಯರಿಗೆ ಅದು ಅಂಟದು. ಎಲ್ಲ ಗಡ್ಡೆಯೂ ಇದೇ ಅಲ್ಲವಾದುದರಿಂದ, ವೈದ್ಯರು ಅದರ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ಬಳಿಕ ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಬಹುಪಾಲು ನಾಯಿಗಳು ಗುಣವಾಗುತ್ತವೆ. ರಕ್ತ ನಿಂತಿತೆಂದು ನಡುವೆ ಬಿಡಬಾರದು.

ಈ ಔಷಧದ ಮೂಲ ನಮ್ಮ ಅಂಗಳದ ಸದಾಪುಷ್ಪ, ತೆಲುಗಿನಲ್ಲಿ ಬಿಳ್ಳಗನ್ನೇರು. ಹಾಗೆಂದು ಅದರ ಸೊಪ್ಪನ್ನು ಅರೆದು ಕುಡಿಸಬೇಡಿ, ಅದು ವಿಷ. ಔಷಧವೂ ಬಿಳಿ ರಕ್ತಕಣಗಳನ್ನು ತಗ್ಗಿಸಬಲ್ಲದು. ಆದುದರಿಂದ ರಕ್ತಪರೀಕ್ಷೆ ಅವಶ್ಯಕ. ಚುಚ್ಚುಮದ್ದಿನ ನಂತರ ಕೆಲವು ದಿನ ನಾಯಿಯ ಮಲಮೂತ್ರವನ್ನು ಹಿರಿಯರೇ ಕೈಗವಸು ತೊಟ್ಟು ತೆಗೆಯಲಿ, ಮಕ್ಕಳು ಮುಟ್ಟದಿರಲಿ. ಗುಣವಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ರೋಗ ಮತ್ತೆ ತಗಲುವ ಸಂಭವ ಕಡಿಮೆ.

ವರ್ಷಗಟ್ಟಲೆ ಮನೆ ಕಾಯ್ದ ಜೀವಕ್ಕೆ ನಾವು ಆರು ವಾರ ಕೊಡಲಾರೆವೇ? ಕೈಲಾಗದವರನ್ನು ಹಿರಿಯರು ಹೇಗೆ ನಡೆಸಿಕೊಳ್ಳುತ್ತಾರೆಂಬುದನ್ನು ಮಕ್ಕಳು ಮನೆಯಲ್ಲಿಯೇ ಕಲಿಯುತ್ತಾರೆ.