ಮೂರು ತಿಂಗಳ ಸಿಪಾಯಿಗಳೂ ಕುಮಟೆಯ ಹತ್ತಿಯೂ

ಕುಮಟೆಯ ದಡದಲ್ಲಿ ಇಂದು ನಿಂತು ನೋಡುವವರಿಗೆ, ಒಂದು ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿಯು ಇಲ್ಲಿಂದಲೇ ಹಡಗನ್ನೇರುತ್ತಿದ್ದಿತೆಂಬುದು ಸುಲಭವಾಗಿ ತೋಚಲಾರದು. ಆ ಹತ್ತಿಗೆ ಪರದೇಶದ ಪೇಟೆಗಳಲ್ಲಿ 'ಕುಮಟಾ' ಎಂಬ ಹೆಸರೇ ನಿಂತಿತು. ಅದು ಬೆಳೆದ ಹೊಲದ ಹೆಸರಲ್ಲ, ಸಾಗಿಸಿದ ಬಂದರದ ಹೆಸರು. ಈ ವ್ಯಾಪಾರವನ್ನು ನಾಲ್ಕು ವರ್ಷ ಎತ್ತಿ ಕುಣಿಸಿ ಕೆಡವಿದುದು ಸಮುದ್ರದಾಚೆಯ ಒಂದು ಅಂತರ್ಯುದ್ಧ. ಅದರಲ್ಲಿ ದುಡಿದ ಒಂದು ಪಡೆಯ ಚರಿತ್ರೆಯನ್ನು ವಾಚಕರ ಮುಂದಿಟ್ಟು, ನಮ್ಮ ಜಿಲ್ಲೆಯ ಒಂದು ಕೊರತೆಯನ್ನು ಸೂಚಿಸಬಯಸುತ್ತೇವೆ.

1861ನೆಯ ಏಪ್ರಿಲ್ 15ರಂದು ಅಮೇರಿಕದ ಅಧ್ಯಕ್ಷರಾದ ಲಿಂಕನ್ನರು ಮೂರು ತಿಂಗಳ ಸೇವೆಗಾಗಿ 75,000 ಜನರನ್ನು ಕರೆದರು. ಮೊದಲು ಓಗೊಟ್ಟವರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಆರನೆಯ ಕಾಲಾಳು ರೆಜಿಮೆಂಟೂ ಒಂದು. ಅದರ ಅನೇಕ ಸಿಪಾಯಿಗಳು ಲೋವೆಲ್, ಲಾರೆನ್ಸ್ ಎಂಬ ಬಟ್ಟೆಗಿರಣಿಗಳ ಊರಿನವರು. ಏಪ್ರಿಲ್ 19ರಂದು ಬಾಲ್ಟಿಮೋರ್ ನಗರವನ್ನು ದಾಟುವಾಗ ಗುಂಪೊಂದು ಅವರ ಮೇಲೆ ಬಿದ್ದಿತು. ನಾಲ್ವರು ಸಿಪಾಯಿಗಳು ಮಡಿದರು. ಅವರಲ್ಲಿ ಲೂಥರ್ ಲ್ಯಾಡ್ ಎಂಬ ಯಂತ್ರಶಾಲೆಯ ಕೆಲಸಗಾರನಿಗೆ ಹದಿನೇಳೇ ವರ್ಷ. ಉಳಿದವರು ಅಂದೇ ಸಂಜೆ ವಾಷಿಂಗ್ಟನ್ ಸೇರಿ, ಸೆನೆಟಿನ ಸಭಾಗೃಹದಲ್ಲಿಯೇ ಬೀಡುಬಿಟ್ಟರು. ಅವಧಿ ತೀರಿ, ಆಗಸ್ಟ್ 2ರಂದು ಪಡೆಯು ಚದರಿತು. ಅದೇ ರೆಜಿಮೆಂಟು 1862ರಲ್ಲಿ ಒಂಬತ್ತು ತಿಂಗಳಿಗೆಂದೂ 1864ರಲ್ಲಿ ನೂರು ದಿನಗಳಿಗೆಂದೂ ಮತ್ತೆ ನಿಂತಿತು.

ಮೂರು ತಿಂಗಳ ಸೇವೆಯೂ ಒಂದು ಸೇವೆಯೇ ಎಂದು ಕೇಳುವವರುಂಟು. ದಕ್ಷಿಣದ ಗುಲಾಮರು ಬಿಡಿಸಿದ ಹತ್ತಿಯೇ ಲೋವೆಲ್ಲಿನ ಗಿರಣಿಗಳಿಗೆ ಆಧಾರ. ತಮ್ಮ ಊರಿನ ಅನ್ನ ಎಲ್ಲಿಂದ ಬರುತ್ತಿದ್ದಿತೋ ಆ ಸೀಮೆಯ ವಿರುದ್ಧವೇ ಈ ಜನರು ಬಂದೂಕು ಹಿಡಿದರು. ಸೇವೆಯ ಬೆಲೆಯನ್ನು ತಿಂಗಳ ಲೆಕ್ಕದಿಂದ ಕಟ್ಟಲಾಗದು.

ಇತ್ತ, ದಕ್ಷಿಣದ ರೇವುಗಳಿಗೆ ಲಿಂಕನ್ನರ ನೌಕಾಪಡೆಯು ಮುತ್ತಿಗೆ ಹಾಕಲು, ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತು. ಅವುಗಳ ದೃಷ್ಟಿ ಹಿಂದುಸ್ಥಾನದತ್ತ ತಿರುಗಿತು. ಧಾರವಾಡ, ಹುಬ್ಬಳ್ಳಿಗಳ ಹತ್ತಿ ಶಿರಸಿಯ ದಾರಿಯಾಗಿ ಘಟ್ಟವಿಳಿದು ಕುಮಟೆಗೂ, ಅಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬಯಿಗೂ ಹರಿಯಿತು. ಧಾರಣೆ ಏರಿತು; ಮುಂಬಯಿಯ ಸಟ್ಟಾ ಪೇಟೆ ಹುಚ್ಚೆದ್ದಿತು. 1865ರಲ್ಲಿ ಯುದ್ಧ ಮುಗಿದೊಡನೆ ಧಾರಣೆ ಕುಸಿಯಿತು. ಮುಂದೆ ರೈಲುಹಾದಿಯು ಹತ್ತಿಯನ್ನು ಮುರಗೋವೆಗೆ ಸೆಳೆದೊಯ್ಯಲು, ಕುಮಟೆಗೆ ಉಳಿದುದು ಹೆಸರು ಮಾತ್ರ.

ಇಷ್ಟೇ ಅಲ್ಲ. ಆ ಯುದ್ಧದ ನಡುವೆಯೇ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸು ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಲಾಯಿತು. ಕಾರವಾರದ ಬಂದರವನ್ನು ಬಯಸಿದ ಹತ್ತಿಯ ವರ್ತಕರ ಒತ್ತಾಯವು ಅದರ ಕಾರಣಗಳಲ್ಲೊಂದು. ಆ ಒತ್ತಾಯ ಯುದ್ಧಕ್ಕಿಂತ ಹಿಂದಿನದು. ಕುಂದಾಪುರವು ಮದ್ರಾಸಿನಲ್ಲೇ ಉಳಿಯಿತು. ಭಟ್ಕಳದ ತೆಂಕಣ ಗಡಿ ಕನ್ನಡಿಗರನ್ನು ಎರಡು ಇಲಾಖೆಗಳಿಗೆ ಹಂಚಿತು. 1956ರ ನವೆಂಬರ್ 1ರವರೆಗೆ, ಎಂದರೆ 94 ವರ್ಷ, ಅಣ್ಣನದೊಂದು ಕಚೇರಿ, ತಮ್ಮನದೊಂದು ಕಚೇರಿ. ಈ ವಿಂಗಡಣೆಗೆ ಮುನ್ನ ಇಲ್ಲಿನ ರೈತನ ಅಭಿಪ್ರಾಯವನ್ನು ಕೇಳಿದವರಾರು? ಪರರಾಜ್ಯದ ತಕ್ಕಡಿಯಲ್ಲಿ ಪ್ರಜೆಗಿಂತ ಹತ್ತಿಯ ಅಂಡಿಗೆಯೇ ತೂಕವಾಗಿ ಕಂಡಿತು.

ಲೋವೆಲ್ಲಿನ ಜನರು ತಮ್ಮ ಮೂರು ತಿಂಗಳ ಸಿಪಾಯಿಗಳನ್ನು ಮರೆಯಲಿಲ್ಲ. 1865ರಲ್ಲಿಯೇ ಲ್ಯಾಡನಿಗೂ ಅವನ ಸಂಗಡಿಗ ವ್ಹಿಟ್ನಿಗೂ ಸ್ಮಾರಕವನ್ನು ನಿಲ್ಲಿಸಿದರು. ಅದೇ ಯುದ್ಧದ ದೆಸೆಯಿಂದ ಘಟ್ಟದಲ್ಲಿ ಎತ್ತು ಹೊಡೆದ ನಮ್ಮ ಗಾಡಿಕಾರರ, ಅಂಡಿಗೆ ಹೊತ್ತ ಹಮಾಲರ, ಪತ್ತೆಮಾರಿ ನಡೆಸಿದ ತಾಂಡೇಲರ ಹೆಸರುಗಳನ್ನು ನಾವು ಯಾವ ಪಟ್ಟಿಯಲ್ಲಿ ಓದೋಣ? ಅವರು ಯುದ್ಧ ಮಾಡಿದವರಲ್ಲ, ನಿಜ. ಆದರೆ ಅದರ ಭಾರವನ್ನು ಹೊತ್ತವರಲ್ಲವೆಂದು ಹೇಳಲಾಗದು.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಕುಮಟೆ, ಹೊನ್ನಾವರ, ಭಟ್ಕಳಗಳ ಹಳೆಯ ಮನೆತನಗಳಲ್ಲಿ ಆ ಕಾಲದ ಕಿರ್ದಿ-ಖಾತೆಗಳಿದ್ದರೆ, ಗೆದ್ದಲು ತಿನ್ನುವ ಮೊದಲೇ ಅವನ್ನು ಹೊರತೆಗೆಯಬೇಕು. ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕೂಡಿಕೊಂಡು ಅವುಗಳ ಪ್ರತಿಮಾಡಿಸಲಿ. ಪುರಸಭೆಯು ಬಂದರದ ಬಳಿ ಒಂದು ಕಲ್ಲನ್ನು ನಿಲ್ಲಿಸಲಿ. ರಾಜ್ಯಗಳು ಸೇನಾಪತಿಗಳ ಚರಿತ್ರೆಯನ್ನು ತಾವೇ ಬರೆಯಿಸುತ್ತವೆ. ಹಮಾಲರ ಚರಿತ್ರೆಯನ್ನು ಊರಿನವರೇ ಬರೆಯಬೇಕು.