ಮುಖ ಕೆಂಪಾಯಿತೆಂದು ಮಾತ್ರೆ ನಿಲ್ಲಿಸಬೇಡಿ, ಸಿಕ್ಕ ಟ್ಯೂಬ್ ಹಚ್ಚಬೇಡಿ



ಹೃದಯದ ಡಾಕ್ಟರಿಗೆ ಚರ್ಮದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕಳೆದ ಏಪ್ರಿಲ್‌ನಲ್ಲಿ ನಮ್ಮ ಕಲಬುರಗಿ ಕಡೆಯ ಅಜ್ಜಿಯೊಬ್ಬರನ್ನು ಮಗ ಕರೆತಂದಿದ್ದ. ಬಿಪಿ 200 ದಾಟಿತ್ತು. ಮುಖ ಕೆಂಪಾಗಿ ಉರಿಯುತ್ತದೆ ಎಂದು ಮೂರು ವಾರದಿಂದ ಅಮ್ಲೋಡಿಪಿನ್ ಮಾತ್ರೆ ನಿಲ್ಲಿಸಿದ್ದರು. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಕೇಳದೆ ಕೊಟ್ಟ ಟ್ಯೂಬನ್ನು ದಿನಕ್ಕೆರಡು ಸಲ ಹಚ್ಚುತ್ತಿದ್ದರು. ಟ್ಯೂಬಿನ ಮೇಲೆ ಓದಿದೆ: ಬೀಟಾಮೆಥಾಸೋನ್. ಅಂದರೆ ಸ್ಟೀರಾಯ್ಡ್.

ಸೆಕೆಗೆ ಮುಖ ಕೆಂಪಾಗುವುದು ಅದಷ್ಟೇ ರೋಗವಲ್ಲ. ದೇಹ ತಂಪಾಗಲು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಸಾಮಾನ್ಯ ಹೊತ್ತಿನಲ್ಲಿ ಚರ್ಮಕ್ಕೆ ನಿಮಿಷಕ್ಕೆ ಅರ್ಧ ಲೀಟರ್ ರಕ್ತವೂ ಹೋಗುವುದಿಲ್ಲ; ವಿಪರೀತ ಸೆಕೆಯಲ್ಲಿ 6-7 ಲೀಟರಿನವರೆಗೆ ಏರಬಹುದು. ಅಷ್ಟನ್ನೂ ತಳ್ಳುವುದು ಹೃದಯವೇ. ಅಮ್ಲೋಡಿಪಿನ್ ಕೂಡ ರಕ್ತನಾಳ ಹಿಗ್ಗಿಸುವ ಮಾತ್ರೆ, ಹಾಗಾಗಿ ಕೆಲವರಿಗೆ ಮುಖ ಬಿಸಿಯೇರುತ್ತದೆ, ಪಾದ ಊದುತ್ತದೆ. ಹೈಡ್ರೋಕ್ಲೋರೋಥಯಜೈಡ್, ಅಮಿಯೋಡರೋನ್ ನುಂಗುವವರಿಗೆ ಬಿಸಿಲು ಬಿದ್ದ ಜಾಗವಷ್ಟೇ ಸುಟ್ಟಂತಾಗಬಹುದು. ಇವಕ್ಕೆ ಬೇರೆ ಮಾತ್ರೆಗಳಿವೆ, ಡೋಸ್ ಇಳಿಸುವ ದಾರಿಯೂ ಇದೆ. ಆದರೆ ಅದನ್ನು ಡಾಕ್ಟರು ಮಾಡಬೇಕು. ಒಂದು ಫೋನ್ ಸಾಕು.

ಇನ್ನು ಆ ಟ್ಯೂಬು. ನನಗೆ ಸಿಟ್ಟು ಬರುವುದು ಇಲ್ಲೇ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಹಚ್ಚಿದರೆ ಎರಡೇ ದಿನದಲ್ಲಿ ಕೆಂಪು ಇಳಿದು ಮುಖ ಬೆಳ್ಳಗೆ ಕಾಣುತ್ತದೆ. ಮನೆಯವರೆಲ್ಲ ಅದನ್ನೇ ತರಿಸುತ್ತಾರೆ. ಕೆಲವು ವಾರವಾದ ಮೇಲೆ ಚರ್ಮ ತೆಳುವಾಗುತ್ತದೆ, ನಾಳಗಳು ಎದ್ದು ಕಾಣುತ್ತವೆ, ಮೊಡವೆ, ಕೂದಲು ಬರುತ್ತವೆ. ಬಿಟ್ಟರೆ ಮೊದಲಿಗಿಂತ ಹೆಚ್ಚು ಉರಿ, ಮತ್ತೆ ಅದೇ ಟ್ಯೂಬು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಮಾರುತ್ತಾರೆ, ನಾವೂ ಕೇಳಿ ಪಡೆಯುತ್ತೇವೆ. ತಪ್ಪು ಅಂಗಡಿಯವನದೊಂದೇ ಎಂದು ನಾನು ಒಪ್ಪುವುದಿಲ್ಲ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಬಿಡಿಸಿಕೊಳ್ಳಿ.

ವರ್ಷ ವರ್ಷವೂ ಕೆನ್ನೆ, ಮೂಗು ಕೆಂಪಾಗುವವರಲ್ಲಿ ರೊಸೇಶಿಯಾ ಎಂಬ ತೊಂದರೆ ಇರಬಹುದು. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಉರಿ ಮತ್ತು ಚುರುಚುರು ಮಾತ್ರ. ‘ಉಷ್ಣವಾಗಿದೆ’ ಎಂದು ಸುಮ್ಮನಾಗುತ್ತೇವೆ. ಬಿಸಿಲು, ಕುದಿಯುವ ಚಹಾ, ಖಾರ, ಮದ್ಯ ಅದನ್ನು ಕೆರಳಿಸುತ್ತವೆ. ದಿನವಿಡೀ ದೋಸೆ ಕಾವಲಿ ಮುಂದೆ ನಿಲ್ಲುವ ನಮ್ಮ ಹೋಟೆಲ್ ಹುಡುಗರಿಗೆ ಒಲೆಯ ಶಾಖವೂ ಸೇರುತ್ತದೆ. ಕೆಂಪಿನ ಜೊತೆ ಕೀಲುನೋವು, ಜ್ವರ ಇದ್ದರೆ ಲೂಪಸ್ ಆಗಿರಬಹುದು, ತಡ ಮಾಡಬೇಡಿ.

ಮನೆಯಲ್ಲಿ ಏನು ಮಾಡಬೇಕು? ತಣ್ಣೀರಲ್ಲಿ ಅದ್ದಿದ ಮೆತ್ತನೆ ಬಟ್ಟೆ ಇಡಿ, ಐಸ್ ತಿಕ್ಕಬೇಡಿ. ನಿಂಬೆಹಣ್ಣು, ಸ್ಕ್ರಬ್, ಘಮಘಮಿಸುವ ಕ್ರೀಮ್ ಬೇಡ. ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಸೂಕ್ಷ್ಮ ಚರ್ಮಕ್ಕೆ ಹೊಂದುತ್ತದೆ. ಪುಣೆಯ ಹುಡುಗಿಯರು ಸ್ಕೂಟರ್ ಮೇಲೆ ಕಣ್ಣಷ್ಟೇ ಬಿಟ್ಟು ಸ್ಕಾರ್ಫ್ ಸುತ್ತಿಕೊಳ್ಳುವುದನ್ನು ನೋಡಿ ನಮ್ಮೂರಿಂದ ಬಂದವರು ನಗುತ್ತಾರೆ. ನಗಬೇಡಿ, ನೀವೂ ಸುತ್ತಿಕೊಳ್ಳಿ; ಹತ್ತಿಯದಿರಲಿ, ದಿನಾ ಒಗೆಯಿರಿ.

‘ದಿನಕ್ಕೆ 5 ಲೀಟರ್ ನೀರು ಕುಡಿಯಿರಿ’ ಎಂಬ ಮೆಸೇಜು ಹಾರ್ಟ್ ಫೇಲ್ಯೂರ್ ಇರುವವರಿಗಲ್ಲ. ಅವರಿಗೆ ಡಾಕ್ಟರು ಹೇಳಿದ ಅಳತೆಯೇ ಸರಿ. ಬಿಸಿಲಲ್ಲಿದ್ದವರ ಮೈ ಕಾದು, ಮಾತು ತೊದಲಿದರೆ ಅಥವಾ ಗಲಿಬಿಲಿಗೊಂಡರೆ ಅದು ಚರ್ಮದ ವಿಷಯವಲ್ಲ. ನೆರಳಿಗೆ ತಂದು ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ.