ಗಪ್ಪಿಯ ಬಾಣಂತನ

ಭಾನುವಾರದ ಬೆಳಗು. ಹಜಾರದ ಮೂಲೆಯಲ್ಲಿರುವ ಗಾಜಿನ ತೊಟ್ಟಿಯ ಮುಂದೆ ನಿಂತ ಹುಡುಗ ಒಮ್ಮೆಲೇ ಕೂಗಿಕೊಳ್ಳುತ್ತಾನೆ: "ಅಮ್ಮಾ, ಬೇಗ ಬಾ! ಮೀನು ಮರಿ ಹಾಕಿದೆ!" ಅಡಿಗೆಮನೆಯಿಂದ ತಾಯಿ, ದೇವರ ಮನೆಯಿಂದ ಅಜ್ಜಿ, ಮಡಿಸಿದ ಪತ್ರಿಕೆಯೊಡನೆ ತಂದೆ ಎಲ್ಲರೂ ಬಂದು ಬಗ್ಗಿ ನೋಡುತ್ತಾರೆ. ಅಕ್ಕಿಕಾಳಿಗಿಂತ ದೊಡ್ಡದಲ್ಲದ ದೇಹ, ಅದರಲ್ಲಿ ಎದ್ದು ಕಾಣುವ ಎರಡು ಕಪ್ಪು ಕಣ್ಣು. ಎಣಿಸಿದರೆ ಇಪ್ಪತ್ತೆಂಟು ಮರಿಗಳು. ಸಂಜೆ ಎಣಿಸಿದಾಗ ಒಂಬತ್ತು. ಮರುದಿನ ಬೆಳಿಗ್ಗೆ ಒಂದೂ ಇಲ್ಲ! ತಾಯಿಮೀನು ಮಾತ್ರ ಏನೂ ಅರಿಯದಂತೆ ತೊಟ್ಟಿಯ ತುಂಬ ಸುಳಿದಾಡುತ್ತಿರುತ್ತದೆ.

"ಹೆತ್ತವಳೇ ತಿಂದುಬಿಟ್ಟಳೇನೋ ಮಗು?" ಎಂದು ಅಜ್ಜಿ ಕೆನ್ನೆಯ ಮೇಲೆ ಕೈಯಿಡುತ್ತಾರೆ. ಹುಡುಗನ ಕಣ್ಣಿನಲ್ಲಿ ನೀರು.

ಮುಂದಿನ ತಿಂಗಳು ಮನೆಯವರು ಎಚ್ಚರಗೊಂಡಿರುತ್ತಾರೆ. ಮರಿಗಳನ್ನು ಬೇರೆ ಪಾತ್ರೆಗೆ ಸಾಗಿಸಿ, ಬೇಗ ದೊಡ್ಡವಾಗಲೆಂದು ಕೈತುಂಬ ಆಹಾರ ಸುರಿಯುತ್ತಾರೆ. ಎರಡೇ ದಿನಕ್ಕೆ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಮೂರನೆಯ ದಿನ ಮರಿಗಳು ತೇಲುತ್ತವೆ. ಮೊದಲನೆಯ ಸಲ ತಾಯಿಯ ಹಸಿವು, ಎರಡನೆಯ ಸಲ ಮನುಷ್ಯರ ಮಮತೆ! ಗಪ್ಪಿ ಸಾಕುವ ಅನೇಕ ಮನೆಗಳ ಕಥೆ ಇದು. ಎರಡನ್ನೂ ತಪ್ಪಿಸುವುದು ಕಷ್ಟವಲ್ಲ. ಆದರೆ ಪ್ರೀತಿಗೂ ಅಳತೆಯಿರಬೇಕೆಂಬುದನ್ನು ಮನೆಮಂದಿ ಒಪ್ಪಬೇಕು.

ಕಡಲಾಚೆಯ ಅತಿಥಿ

ಗಪ್ಪಿಯ ತವರು ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಅದರ ನೆರೆಯ ಟ್ರಿನಿಡಾಡ್ ದ್ವೀಪ. 1859ರಲ್ಲಿ ಜರ್ಮನ್ ವಿಜ್ಞಾನಿ ವಿಲ್ಹೆಲ್ಮ್ ಪೀಟರ್ಸ್ ಇದನ್ನು ಮೊದಲು ವರ್ಣಿಸಿದರು. ಟ್ರಿನಿಡಾಡ್‌ನಿಂದ ರಾಬರ್ಟ್ ಜಾನ್ ಲೆಚ್‌ಮಿಯರ್ ಗಪ್ಪಿ ಎಂಬುವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಳುಹಿಸಿದ ಮೀನುಗಳಿಗೆ 1866ರಲ್ಲಿ ಆಲ್ಬರ್ಟ್ ಗುಂಥರ್ ಅವರ ಹೆಸರನ್ನೇ ಇಟ್ಟರು. ಶಾಸ್ತ್ರದ ಪುಸ್ತಕದಲ್ಲಿ ಪೀಟರ್ಸರ ಹೆಸರೇ ಉಳಿಯಿತು. ಜನರ ಬಾಯಲ್ಲಿ ಗಪ್ಪಿ ಉಳಿಯಿತು. ಸೊಳ್ಳೆಯ ಮರಿಹುಳುಗಳನ್ನು ತಿನ್ನುವ ಗುಣಕ್ಕಾಗಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇದು ಭಾರತಕ್ಕೂ ಬಂದಿತು. ಕರ್ನಾಟಕದ ಹಳ್ಳಿಗಳ ಬಾವಿಗಳಲ್ಲಿಯೂ ಮಲೇರಿಯಾ ತಡೆಯಲು ಇದನ್ನು ಬಿಟ್ಟದ್ದುಂಟು.

ಹೆರಿಗೆಗೆ ಮುನ್ನ

ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹೆರುತ್ತದೆ. ಬಸಿರು ಸುಮಾರು ನಾಲ್ಕು ವಾರ. ಹೊಟ್ಟೆ ಉಬ್ಬಿ, ಅದರ ಹಿಂತುದಿಯಲ್ಲಿ ಕಪ್ಪು ಮಚ್ಚೆ ಗಾಢವಾಗುತ್ತದೆ. ದಿನ ಸಮೀಪಿಸಿದಾಗ ಹೊಟ್ಟೆ ಪಕ್ಕದಿಂದ ಚೌಕಾಕಾರವಾಗಿ ಕಾಣುತ್ತದೆ. ಚೊಚ್ಚಲಿನಲ್ಲಿ ಕೆಲವೇ ಮರಿಗಳಾದರೆ, ಬೆಳೆದ ಹೆಣ್ಣು ಒಂದು ಸೂಲಿಗೆ 20ರಿಂದ 60 ಮರಿಗಳನ್ನು ಕೊಟ್ಟೀತು. ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ಆ ಬೀಜವನ್ನು ಒಡಲಲ್ಲೇ ಕಾಪಾಡಿಕೊಂಡು ಹಲವು ತಿಂಗಳು ಹೆರುತ್ತ ಹೋಗಬಲ್ಲದು. ಗಂಡಿಲ್ಲದ ತೊಟ್ಟಿಯಲ್ಲಿ ಮರಿಗಳು ಕಂಡರೆ ಬೆರಗಾಗಬೇಕಿಲ್ಲ.

ಹೆತ್ತ ಮೇಲೆ ಗಪ್ಪಿಗೆ ಮರಿ ತನ್ನದೆಂಬ ಗುರುತಿಲ್ಲ. ಎದುರಿಗೆ ಮಿಸುಕುವುದೆಲ್ಲ ಅದಕ್ಕೆ ಆಹಾರ. ಆದ್ದರಿಂದ ಹೆರಿಗೆಗೆ ನಾಲ್ಕಾರು ದಿನ ಮೊದಲೇ ಬಸುರಿಯನ್ನು ಬೇರೊಂದು ತೊಟ್ಟಿಗೆ ಮೆಲ್ಲನೆ ವರ್ಗಾಯಿಸಬೇಕು. ಕೊನೆಯ ಗಳಿಗೆಯಲ್ಲಿ ಬಲೆ ಹಾಕಿ ಗಾಬರಿಪಡಿಸಿದರೆ ಮರಿಗಳು ಅಕಾಲದಲ್ಲಿ ಬೀಳಬಹುದು. ಆ ತೊಟ್ಟಿಯಲ್ಲಿ ಹೈಡ್ರಿಲ್ಲಾ ಅಥವಾ ಜಾವಾ ಪಾಚಿ ದಟ್ಟವಾಗಿರಲಿ. ಮರಿಗಳು ಅದರಲ್ಲಿ ಅವಿತುಕೊಳ್ಳುತ್ತವೆ. ಹೆರಿಗೆ ಮುಗಿದೊಡನೆ ತಾಯಿಯನ್ನು ಹಳೆಯ ತೊಟ್ಟಿಗೆ ಕಳುಹಿಸಬೇಕು. ಇಲ್ಲಿ ಬಾಣಂತನ ತಾಯಿಗಲ್ಲ, ಮಕ್ಕಳಿಗೆ.

ಗುಟುಕು ಚಿಕ್ಕದು, ಹೊತ್ತು ಹಲವು

ಮರಿಯ ಹೊಟ್ಟೆ ಅದರ ಕಣ್ಣಿಗಿಂತ ಹೆಚ್ಚು ದೊಡ್ಡದಲ್ಲ. ಒಂದೇ ಸಲ ಹೆಚ್ಚು ಕೊಟ್ಟರೆ ತಿನ್ನಲಾರದು. ಬಹಳ ಹೊತ್ತು ಉಪವಾಸವನ್ನೂ ತಾಳಲಾರದು. ದಿನಕ್ಕೆ ನಾಲ್ಕೈದು ಸಲ, ಎರಡು ಮೂರು ನಿಮಿಷಗಳಲ್ಲಿ ಮುಗಿಯುವಷ್ಟು ಮಾತ್ರ ಕೊಡುವುದೇ ಕ್ರಮ. ಅಂಗಡಿಯ ಒಣ ಆಹಾರವನ್ನು ಬೆರಳುಗಳ ನಡುವೆ ಹಿಟ್ಟಿನಂತೆ ನುಣ್ಣಗೆ ಉಜ್ಜಿ ಉದುರಿಸಬೇಕು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಿವುಚಿ ಹನಿ ಹನಿಯಾಗಿ ಬಿಡುವುದೂ ಹಳೆಯ ಪದ್ಧತಿ. ಆದರೆ ನೀರನ್ನು ಅದರಷ್ಟು ಬೇಗ ಕೆಡಿಸುವ ಆಹಾರ ಮತ್ತೊಂದಿಲ್ಲ. ಮೊಟ್ಟೆ ಒಳಗೆ ಬಾರದ ಮನೆಯವರು ಅದಕ್ಕಾಗಿ ಪರಿತಪಿಸಬೇಕಿಲ್ಲ.

ಬೇಗ ಬೆಳೆಸುವ ಶ್ರೇಷ್ಠ ಆಹಾರವೆಂದರೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಜೀವಿಯ ಎಳೆಯ ಮರಿ. ಇದರ ಒಣಮೊಟ್ಟೆ ಮೀನಿನ ಅಂಗಡಿಗಳಲ್ಲಿ ದೊರೆಯುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು ಬೆರೆಸಿ, ಚಿಟಿಕೆ ಮೊಟ್ಟೆ ಹಾಕಿ, ಗಾಳಿಯ ಕೊಳವೆಯಿಂದ ಗುಳ್ಳೆಯಾಡಿಸಿದರೆ 24ರಿಂದ 36 ಗಂಟೆಗಳಲ್ಲಿ ಒಡೆಯುತ್ತದೆ. ತೇಲುವ ಸಿಪ್ಪೆಯನ್ನು ಬಿಟ್ಟು ಉಳಿದುದನ್ನು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಡಬೇಕು. ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಊಟವಾಯಿತೆಂದೇ ಅರ್ಥ.

ನೀರೇ ನಿಜವಾದ ದಾದಿ

ತಿಂದದ್ದು ಮಲವಾಗುತ್ತದೆ, ಉಳಿದದ್ದು ಕೊಳೆಯುತ್ತದೆ. ಎರಡರಿಂದಲೂ ಅಮೋನಿಯಾ ಹುಟ್ಟುತ್ತದೆ. ಹಳೆಯ ತೊಟ್ಟಿಯಲ್ಲಿ ನೆಲಸಿರುವ ಬ್ಯಾಕ್ಟೀರಿಯಾಗಳು ಈ ವಿಷವನ್ನು ಹಂತಹಂತವಾಗಿ ಸೌಮ್ಯಗೊಳಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಕೆಲವು ವಾರಗಳೇ ಬೇಕು. ಹೊಳೆಯುವ ಹೊಸ ಪಾತ್ರೆಯಲ್ಲಿ ಮರಿಗಳು ಸಾಯುವ ಗುಟ್ಟು ಇದು. ಹಳೆಯ ತೊಟ್ಟಿಯಲ್ಲಿ ಕೆಲಸ ಮಾಡಿದ ಸ್ಪಂಜಿನ ಸೋಸುಕವನ್ನೇ ತಂದಿಟ್ಟರೆ ಆ ಉಪಕಾರಿ ಜೀವಿಗಳೂ ಜೊತೆಗೆ ಬರುತ್ತವೆ. ಸ್ಪಂಜಾದುದರಿಂದ ಮರಿಗಳು ಒಳಗೆ ಸೆಳೆದುಹೋಗುವ ಭಯವೂ ಇಲ್ಲ.

ವಾರಕ್ಕೆ ಎರಡು ಮೂರು ಸಲ ಕಾಲುಭಾಗ ನೀರನ್ನು ಬದಲಿಸಬೇಕು. ಕೊಳವೆಯ ಬಾಯಿಗೆ ತೆಳುಬಟ್ಟೆ ಕಟ್ಟಿ ತಳದ ಕಸವನ್ನು ಹೀರಿ ತೆಗೆಯಬೇಕು. ನಲ್ಲಿಯ ನೀರಿನಲ್ಲಿರುವ ಕ್ಲೋರೀನ್ ಮರಿಗಳಿಗೆ ಮಾರಕ. ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟ ನೀರನ್ನು, ತೊಟ್ಟಿಯಷ್ಟೇ ಬೆಚ್ಚಗಿರುವಾಗ, ನಿಧಾನವಾಗಿ ಸೇರಿಸಬೇಕು. ಕೊಂಚ ಗಡಸು ನೀರು ಗಪ್ಪಿಗೆ ಹಿತ. ಬೇಳೆ ಬೇಯದೆಂದು ಗೃಹಿಣಿ ಹಳಿಯುವ ಬಾವಿನೀರು ಇಲ್ಲಿ ಮೆಚ್ಚುಗೆ ಪಡೆಯುತ್ತದೆ!

ಶಾಖ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಹೆಚ್ಚಿಸಿದರೆ ಬೆಳವಣಿಗೆ ಚುರುಕಾಗುವುದು ನಿಜ. ಆಯುಷ್ಯವೂ ಅಷ್ಟೇ ಚುರುಕಾಗಿ ತೀರುತ್ತದೆ.

ಬೆಳೆದ ಮೇಲೆ

ತಿಂಗಳು ಕಳೆಯುತ್ತಲೇ ಗಂಡುಗಳ ಹೊಟ್ಟೆಯಡಿಯ ಈಜುರೆಕ್ಕೆ ಕಡ್ಡಿಯಂತೆ ಸಣ್ಣಗಾಗುತ್ತದೆ; ಹೆಣ್ಣುಗಳದು ಬೀಸಣಿಗೆಯಂತೆಯೇ ಉಳಿಯುತ್ತದೆ. ಆಗಲೇ ಬೇರ್ಪಡಿಸಿದರೆ ಎಳೆಯ ಹೆಣ್ಣುಗಳಿಗೆ ಅಕಾಲದ ಬಸಿರು ತಪ್ಪಿ ಮೈ ತುಂಬಿಕೊಳ್ಳಲು ಅವಕಾಶವಾಗುತ್ತದೆ. ಹೆಚ್ಚಾದ ಮೀನುಗಳನ್ನು ನೆರೆಮನೆಗೆ ಕೊಡಬಹುದು, ಅಂಗಡಿಗೂ ಕೊಡಬಹುದು. ಕೆರೆ ಹೊಳೆಗಳಿಗೆ ಮಾತ್ರ ಬಿಡಬಾರದು. ಪರದೇಶದ ಈ ಅತಿಥಿ ಅಲ್ಲಿ ಬಹುಬೇಗ ಹೆಚ್ಚಿ, ನಾಡಿನ ಸಣ್ಣ ಮೀನುಗಳ ಅನ್ನ ಕಸಿಯುತ್ತದೆ.

ಮೂರನೆಯ ಸೂಲಿನ ಮರಿಗಳಿಗೆ ಆ ಮನೆಯಲ್ಲಿ ಚಿಟಿಕೆ ಲೆಕ್ಕದಲ್ಲಿ ಊಟ. ಹುಡುಗ ಶಾಲೆಗೆ ಹೋದಾಗ ಮಧ್ಯಾಹ್ನದ ಪಾಳಿ ಅಜ್ಜಿಯದು. "ಇನ್ನೊಂದು ಚೂರು ಹಾಕಲೇನೋ? ಪಾಪ, ಬಾಯಿ ಬಿಡುತ್ತಿವೆ" ಎಂದು ಅವರು ಸಂಜೆ ಕೇಳಿದರೆ, "ಬೇಡ ಅಜ್ಜಿ, ನಾಳೆಯೂ ಅವು ಇರಬೇಕಲ್ಲ?" ಎಂದು ಹುಡುಗ ಡಬ್ಬಿಯ ಮುಚ್ಚಳ ಹಾಕುತ್ತಾನೆ.